ಅಣ್ಣನ ಕಾಲು ಮತ್ತು ಕರಗುವ ಹಂದರ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದೆ. ಈ ಸಂದರ್ಭದಲ್ಲಿ ನಿನ್ನ ಕ್ಷೇತ್ರದ ಬಗ್ಗೆ ಅರ್ಧ ಗಂಟೆ ಮಾತಾಡು ಎಂದು ಸಮಿತಿಯವರು ಹೇಳಿದರು. ನನ್ನ ಕ್ಷೇತ್ರ ಸಾಫ್ಟ್‌ವೇರ್. ಔರಾದ ತಾಲೂಕಿನ ಈ ಊರಿನಿಂದ ಭಾಲ್ಕಿಗೆ ಹೋಗಿ ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಬ್ಯಾಂಕಿನ ಲೆಕ್ಕ ನೋಡುವ ತಂತ್ರಾಂಶ ಬರೆಯುತ್ತೇನೆ. ಅದರ ಬಗ್ಗೆ ಅರ್ಧ ಗಂಟೆ ಮಾತಾಡಿದರೆ ನೀವೆಲ್ಲ ಊಟದ ಪೆಂಡಾಲಿಗೆ ಎದ್ದು ಹೋಗುತ್ತೀರಿ. ಹಾಗಾಗಿ ನಾನು ಇವತ್ತು ಎಲುಬಿನ ಬಗ್ಗೆ ಮಾತಾಡುತ್ತೇನೆ. ಮುರಿದು, ಕೀವಾಗಿ, ಕೊಳೆತು ಹೋದ ಎಲುಬನ್ನು ಮತ್ತೆ ಬೆಳೆಸುವುದು ಹೇಗೆ ಎಂಬುದರ ಬಗ್ಗೆ. ನಾನು ಡಾಕ್ಟರಲ್ಲ. ಆದರೆ ಎರಡು ವರ್ಷ ದವಾಖಾನೆಯ ಬೆಂಚಿನ ಮೇಲೆ ಕುಳಿತು ಈ ವಿಷಯ ಓದಿದ್ದೇನೆ. ಯಾಕೆ ಓದಬೇಕಾಯಿತು ಎಂಬುದನ್ನೂ ಹೇಳುತ್ತೇನೆ. ಅದಕ್ಕೆ ಕಾರಣನಾದ ನನ್ನ ಅಣ್ಣ ಅಲ್ಲಿ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದಾನೆ. ಅವನನ್ನು ಕೇಳಿಯೇ ಹೇಳುತ್ತಿದ್ದೇನೆ.

ಮೊದಲು ಇದೇ ಶಾಲೆಯ ಒಂದು ನೆನಪು. ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಸರ್ ಹೊಲದ ಬದುವಿನಲ್ಲಿ ಬಿದ್ದಿದ್ದ ಆಡಿನ ಎರಡು ಎಲುಬು ತಂದಿದ್ದರು. ಒಂದನ್ನು ಗಾಜಿನ ಪಾತ್ರೆಯಲ್ಲಿ ತೆಳು ಆಮ್ಲದೊಳಗೆ ಇಟ್ಟರು. ಇನ್ನೊಂದನ್ನು ಬೆಂಕಿಯಲ್ಲಿ ಚೆನ್ನಾಗಿ ಸುಟ್ಟರು. ಕೆಲವು ದಿನ ಬಿಟ್ಟು ಆಮ್ಲದ ಎಲುಬನ್ನು ತೊಳೆದು ನಮ್ಮ ಕೈಗೆ ಕೊಟ್ಟರು. ಅದು ರಬ್ಬರಿನಂತೆ ಬಾಗಿತು. ಸುಟ್ಟ ಎಲುಬನ್ನು ಮುಟ್ಟಿದರೆ ಸುಣ್ಣದ ಹೆಂಟೆಯಂತೆ ಪುಡಿಯಾಯಿತು. "ಎಲುಬು ಒಂದು ವಸ್ತು ಅಲ್ಲ, ಎರಡು ವಸ್ತುಗಳ ಸಂಸಾರ" ಎಂದರು ಸರ್. ಆಮ್ಲ ತಿಂದದ್ದು ಖನಿಜವನ್ನು, ಬೆಂಕಿ ತಿಂದದ್ದು ನಾರನ್ನು. ಖನಿಜದ ಹೆಸರು ಹೈಡ್ರಾಕ್ಸಿಅಪಟೈಟ್, ಅಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಒಂದು ರೂಪ. ನಾರಿನ ಹೆಸರು ಕೊಲಾಜೆನ್. ತೂಕದಲ್ಲಿ ಮೂರರಲ್ಲಿ ಎರಡು ಪಾಲು ಖನಿಜ, ಉಳಿದದ್ದು ನಾರು ಮತ್ತು ನೀರು. ಖನಿಜ ಗಟ್ಟಿತನ ಕೊಡುತ್ತದೆ, ನಾರು ಮುರಿಯದಂತೆ ತಡೆಯುತ್ತದೆ. ನಮ್ಮ ಹಿರಿಯರು ಗೋಡೆಯ ಮಣ್ಣಿಗೆ ಹುಲ್ಲು ಕಲಸುತ್ತಿದ್ದದ್ದು ಇದೇ ಲೆಕ್ಕದಿಂದ. ಇಂಥದಕ್ಕೆ ಇಂಜಿನಿಯರಿಂಗಿನಲ್ಲಿ ಕಾಂಪೋಸಿಟ್ ಎನ್ನುತ್ತಾರೆ, ಕನ್ನಡದಲ್ಲಿ ಸಂಯುಕ್ತ ವಸ್ತು ಎನ್ನಬಹುದು. ಆ ದಿನದ ಪಾಠ ಹದಿನೈದು ವರ್ಷದ ನಂತರ ನನಗೆ ಬೇಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

2018ರ ಮಳೆಗಾಲದ ಕೊನೆಗೆ ಅಣ್ಣ ಭಾಲ್ಕಿಯಲ್ಲಿ ಸೋಯಾ ಮಾರಿ ಮೋಟಾರ್ ಸೈಕಲ್ ಮೇಲೆ ಊರಿಗೆ ಬರುತ್ತಿದ್ದ. ರಾತ್ರಿ ಹೊತ್ತು, ರಸ್ತೆಯ ಮೇಲೆ ಮಣ್ಣು. ಗಾಡಿ ಜಾರಿ ಬಿದ್ದ. ಬಲಗಾಲಿನ ಮೊಣಕಾಲ ಕೆಳಗಿನ ದೊಡ್ಡ ಎಲುಬು ಮುರಿದು ಚರ್ಮ ಸೀಳಿ ಹೊರಗೆ ಬಂತು. ಗಾಯದೊಳಗೆ ಕೆಸರು ಹೋಗಿತ್ತು. ಎತ್ತಿ ತಂದವರು ಒಳ್ಳೆಯ ಮನಸ್ಸಿನಿಂದಲೇ ಗಾಯಕ್ಕೆ ಅರಿಶಿನ ಮೆತ್ತಿ, ಧೋತರದ ತುಂಡು ಕಟ್ಟಿ, ಮನೆಗೆ ಕರೆತಂದರು. ಬೀದರಿಗೆ ಹೋದದ್ದು ಮರುದಿನ ಬೆಳಗ್ಗೆ. ಅಲ್ಲಿ ಗಾಯ ತೊಳೆದು, ಆಪರೇಶನ್ ಮಾಡಿ, ಎಲುಬಿನೊಳಗೆ ರಾಡು ಹಾಕಿದರು. ಆ್ಯಂಟಿಬಯೋಟಿಕ್ ಗುಳಗಿ ಇಷ್ಟು ವಾರ ತೆಗೆದುಕೊಳ್ಳಬೇಕು, ನಡುವೆ ತೋರಿಸಲು ಬರಬೇಕು ಎಂದು ಚಿಟ್ಟಿಯಲ್ಲಿ ಬರೆದುಕೊಟ್ಟರು.

ಎರಡು ವಾರ ಆದಮೇಲೆ ಒಂದು ರಾತ್ರಿ ಅಣ್ಣ ನನಗೆ ಫೋನ್ ಮಾಡಿದ.

"ತಮ್ಮಾ, ಗಾಯ ಒಣಗ್ಯಾದ. ಗುಳಗಿ ತಿಂದ್ರ ಹೊಟ್ಟಿ ಉರಿತದ. ಇನ್ನೂ ತಿನ್ಬೇಕೇನು?"

ನನ್ನ ಮುಂದೆ ಕಂಪ್ಯೂಟರ್ ತೆರೆದಿತ್ತು. ಮರುದಿನ ಕೆಲಸ ಒಪ್ಪಿಸಬೇಕಿತ್ತು. "ಒಣಗಿದ್ರ ಸಾಕ್ ಬಿಡಣ್ಣ" ಎಂದೆ.

ಈ ಮಾತನ್ನು ನಾನು ಇಲ್ಲಿಯವರೆಗೆ ಎಲ್ಲಿಯೂ ಬಹಿರಂಗವಾಗಿ ಹೇಳಿಲ್ಲ. ಮನೆಯಲ್ಲಿ ಓದಿದವನು ನಾನೊಬ್ಬನೇ ಆದ್ದರಿಂದ ಅಣ್ಣ ಡಾಕ್ಟರರನ್ನು ಕೇಳದೆ ನನ್ನನ್ನು ಕೇಳಿದ. ನನ್ನ ಓದಿನ ಫೀಸು ಕಟ್ಟಿದವನು ಅವನು. ನಾನು ಗೊತ್ತಿಲ್ಲ ಎನ್ನಬೇಕಿತ್ತು. ಸಾಕು ಎಂದೆ.

ಮೂರು ತಿಂಗಳಿಗೆ ಕಾಲಿನ ಮುಂಭಾಗದಲ್ಲಿ ಜೋಳದ ಕಾಳಿನಷ್ಟು ತೂತು ಬಿತ್ತು. ಅದರಿಂದ ಕೀವು ಸೋರತೊಡಗಿತು. ಒಣಗುವುದು, ಮತ್ತೆ ಒಡೆಯುವುದು. ಹೀಗೆ ಒಂದು ವರ್ಷ. ಆಗ ನಮ್ಮವರು ಔಷಧದ ಅಂಗಡಿಯಿಂದ ನಾಲ್ಕು ನಾಲ್ಕು ಗುಳಗಿ ತಂದು ಕೊಟ್ಟರು. ಗುಳಗಿ ತಿಂದಾಗ ಕಡಿಮೆ, ಬಿಟ್ಟಾಗ ಮತ್ತೆ ಹೆಚ್ಚು. ಕೊನೆಗೆ ಹೈದರಾಬಾದಿನ ದೊಡ್ಡ ದವಾಖಾನೆಗೆ ಹೋದೆವು. ಕೀವನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲಿದ್ದದ್ದು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ನಾವು ಒಂದು ವರ್ಷ ಕೊಟ್ಟಿದ್ದ ಔಷಧಗಳಿಗೆ ಅದು ಬಗ್ಗುತ್ತಿರಲಿಲ್ಲ.

ಇಲ್ಲಿ ನಿಮಗೊಂದು ಪ್ರಶ್ನೆ ಬರಬಹುದು. ಜ್ವರಕ್ಕೆ ಐದು ದಿನ ಗುಳಗಿ ತಿಂದರೆ ಸಾಕಾಗುತ್ತದೆ, ಎಲುಬಿನ ಕೀವಿಗೆ ಯಾಕೆ ಸಾಕಾಗುವುದಿಲ್ಲ? ನಾನೂ ಡಾಕ್ಟರರನ್ನು ಇದನ್ನೇ ಕೇಳಿದೆ. ಅವರು ಹೇಳಿದ್ದು ಹೀಗೆ. ನಾವು ನುಂಗಿದ ಔಷಧ ರಕ್ತದ ಮೂಲಕ ಹೋಗುತ್ತದೆ. ಕೀವಾದ ಎಲುಬಿನ ತುಂಡಿಗೆ ರಕ್ತನಾಳ ಸತ್ತುಹೋಗಿರುತ್ತದೆ. ಕಾಲುವೆ ಒಡೆದ ಹೊಲಕ್ಕೆ ಕೆರೆಯ ತೂಬು ಎಷ್ಟು ಎತ್ತಿದರೂ ನೀರು ಮುಟ್ಟುವುದಿಲ್ಲ, ಹಾಗೆ. ಎರಡನೆಯದು, ಬ್ಯಾಕ್ಟೀರಿಯಾಗಳು ಸತ್ತ ಎಲುಬಿನ ಮೇಲೂ ಒಳಗಿನ ಸ್ಟೀಲ್ ರಾಡಿನ ಮೇಲೂ ಗುಂಪು ಕಟ್ಟಿ ಕುಳಿತು ತಮ್ಮ ಮೇಲೆ ಲೋಳೆಯ ಹೊದಿಕೆ ಹೊದ್ದುಕೊಳ್ಳುತ್ತವೆ. ಬಾವಿಯ ಮೆಟ್ಟಿಲಿನ ಮೇಲಿನ ಪಾಚಿಯನ್ನು ನೀರು ಸುರಿದು ತೆಗೆಯಲಾಗುವುದಿಲ್ಲ, ತಿಕ್ಕಿಯೇ ತೆಗೆಯಬೇಕು. ಈ ಲೋಳೆಯನ್ನು ಬಯೋಫಿಲ್ಮ್ ಎನ್ನುತ್ತಾರೆ. ಅದರೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲಲು ಸಾಮಾನ್ಯ ಪ್ರಮಾಣಕ್ಕಿಂತ ನೂರಾರು ಪಟ್ಟು ಔಷಧ ಬೇಕಾಗಬಹುದು. ಅಷ್ಟನ್ನು ಬಾಯಿಂದಲೋ ಸೂಜಿಯಿಂದಲೋ ಕೊಟ್ಟರೆ ಮೂತ್ರಪಿಂಡ, ಕಿವಿ ಹಾಳಾಗುತ್ತವೆ.

ಹಾಗಾದರೆ ದಾರಿ ಏನು? ಸತ್ತ ಎಲುಬನ್ನು ಕೆತ್ತಿ ತೆಗೆಯಬೇಕು, ಆಮೇಲೆ ಔಷಧವನ್ನು ರಕ್ತದ ದಾರಿ ಬಿಟ್ಟು ನೇರವಾಗಿ ಆ ಜಾಗದಲ್ಲೇ ಇಡಬೇಕು. ಇಡೀ ಹೊಲಕ್ಕೆ ನೀರು ಹಾಯಿಸುವ ಬದಲು ಗಿಡದ ಬುಡಕ್ಕೆ ಹನಿ ನೀರಾವರಿ ಮಾಡಿದಂತೆ.

ಈ ವಿಚಾರ ಹಳೆಯದು. 1892ರಲ್ಲಿ ಜರ್ಮನಿಯ ಡ್ರೀಸ್‌ಮನ್ ಎಂಬ ಶಸ್ತ್ರವೈದ್ಯ ಎಲುಬಿನ ಪೊಳ್ಳುಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ. ಅದನ್ನು ಕಲಸಲು ಬರೀ ನೀರು ಬಳಸದೆ, ಕ್ರಿಮಿ ಕೊಲ್ಲುವ ಫೀನಾಲ್ ದ್ರಾವಣ ಬಳಸಿದ. ವಿದ್ಯಾರ್ಥಿಗಳೇ, ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ನಿಮ್ಮ ತರಗತಿಯ ಕಪ್ಪು ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣ ಬಹುಮಟ್ಟಿಗೆ ಇದೇ ವಸ್ತು. ಆಗ ಪೆನಿಸಿಲಿನ್ ಹುಟ್ಟಿರಲಿಲ್ಲ. ಅಲೆಕ್ಸಾಂಡರ್ ಫ್ಲೆಮಿಂಗ್ ಅದನ್ನು ಕಂಡದ್ದು 1928ರಲ್ಲಿ.

1970ರಲ್ಲಿ ಜರ್ಮನಿಯ ಬುಖ್‌ಹೋಲ್ಟ್ಸ್ ಮತ್ತು ಎಂಗೆಲ್‌ಬ್ರೆಕ್ಟ್ ಎಂಬುವರು ಕೃತಕ ಕೀಲು ಕೂಡಿಸುವ ಮೂಳೆ ಸಿಮೆಂಟಿಗೆ ಜೆಂಟಮೈಸಿನ್ ಬೆರೆಸಿದ ಕೆಲಸವನ್ನು ಪ್ರಕಟಿಸಿದರು. ಮುಂದೆ ಅದೇ ಸಿಮೆಂಟಿನ ಮಣಿಗಳನ್ನು ತಂತಿಗೆ ಪೋಣಿಸಿ ಸರ ಮಾಡಿ ಕೀವಿನ ಜಾಗದಲ್ಲಿ ಇಡುವ ಪದ್ಧತಿ ಬಂತು. ನಮ್ಮ ಅಣ್ಣನ ಕಾಲಿನಲ್ಲಿ ಇಟ್ಟದ್ದೂ ಅಂಥದೇ ಸರ. ಎಕ್ಸ್‌ರೇಯಲ್ಲಿ ನೋಡಿದ ಅವ್ವ "ಕಾಲಾಗ ರುದ್ರಾಕ್ಷಿ ಸರ ಇಟ್ಟಾರಲ್ಲೋ" ಎಂದಳು.

ಆದರೆ ಈ ಸರಕ್ಕೆ ಮೂರು ತೊಂದರೆ. ಸಿಮೆಂಟು ಎಂದಿಗೂ ಕರಗುವುದಿಲ್ಲ, ಆದ್ದರಿಂದ ಸಾಮಾನ್ಯವಾಗಿ ತೆಗೆಯಲು ಇನ್ನೊಂದು ಆಪರೇಶನ್ ಬೇಕು. ಸಿಮೆಂಟು ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಆದ್ದರಿಂದ ಬಿಸಿ ತಡೆಯುವ ಔಷಧಗಳನ್ನು ಮಾತ್ರ ಬೆರೆಸಬಹುದು. ಔಷಧ ಖಾಲಿಯಾದ ಮೇಲೆ ಅದೇ ಮಣಿ ಬ್ಯಾಕ್ಟೀರಿಯಾಕ್ಕೆ ಕೂಡುವ ಕಟ್ಟೆಯಾಗಬಹುದು. ಇಷ್ಟೆಲ್ಲ ಮಾಡಿದರೂ ಕೀವು ಹೋಗುತ್ತದೆ, ಎಲುಬು ಬರುವುದಿಲ್ಲ. ಪೊಳ್ಳು ಪೊಳ್ಳಾಗಿಯೇ ಉಳಿಯುತ್ತದೆ.

ಇಲ್ಲಿಂದ ಹೊಸ ವಿಚಾರ ಶುರುವಾಗುತ್ತದೆ. ಔಷಧವನ್ನೂ ಕೊಡಬೇಕು, ಹೊಸ ಎಲುಬು ಬೆಳೆಯಲು ಆಸರೆಯನ್ನೂ ಕೊಡಬೇಕು, ಕೆಲಸ ಮುಗಿದ ಮೇಲೆ ತಾನೇ ಕರಗಿ ಹೋಗಬೇಕು. ಇಂಥ ವಸ್ತುವಿಗೆ ಸ್ಕಾಫೋಲ್ಡ್ ಎನ್ನುತ್ತಾರೆ. ನಾನು ಅದನ್ನು ಹಂದರ ಎನ್ನುತ್ತೇನೆ. ಹಿತ್ತಲಿನ ಅವರೆ ಬಳ್ಳಿಗೆ ಹಂದರ ಹಾಕುತ್ತೇವಲ್ಲ, ಹಾಗೆ. ಒಂದೇ ವ್ಯತ್ಯಾಸ, ಈ ಹಂದರವನ್ನು ಬಳ್ಳಿಯೇ ನಿಧಾನವಾಗಿ ತಿಂದು ಆ ಜಾಗದಲ್ಲಿ ತಾನು ನಿಲ್ಲಬೇಕು. ನಮ್ಮ ಎಲುಬಿನಲ್ಲಿ ಹಳೆಯದನ್ನು ಕೆಡವುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ದಿನಾಲೂ ಕೆಲಸ ಮಾಡುತ್ತಿರುತ್ತವೆ. ಹಂದರ ಅವರಿಗೆ ಕೆಲಸದ ಜಾಗ.

ಹಂದರ ಹೇಗಿರಬೇಕು? ನೀವೆಲ್ಲ ಬೀದರ ಕೋಟೆ ನೋಡಿದ್ದೀರಿ. ಅದರ ಕೆಂಪು ಜಂಬಿಟ್ಟಿಗೆ ಕಲ್ಲಿನ ತುಂಬ ತೂತು. ಆ ತೂತುಗಳು ಒಂದಕ್ಕೊಂದು ಕೂಡಿರುವುದರಿಂದಲೇ ಮಳೆನೀರು ಕಲ್ಲಿನೊಳಗೆ ಇಳಿಯುತ್ತದೆ. ನೌಬಾದಿನ ಕರೇಜ್ ಸುರಂಗಕ್ಕೆ ನೀರು ಬರುವುದು ಹಾಗೆ ಜಿನುಗಿದ್ದರಿಂದ. ಎಲುಬಿನ ಹಂದರವೂ ಜಂಬಿಟ್ಟಿಗೆಯಂತೆ ಇರಬೇಕು. ತೂತುಗಳು ಕೂಡಿಕೊಂಡಿದ್ದರೆ ಮಾತ್ರ ರಕ್ತನಾಳ ಒಳಗೆ ಹೋಗುತ್ತದೆ, ಅದರ ಹಿಂದೆ ಜೀವಕೋಶ ಹೋಗುತ್ತದೆ. ತೂತಿನ ಅಗಲ ಸುಮಾರು 100ರಿಂದ 500 ಮೈಕ್ರಾನ್ ಇರಬೇಕು ಎನ್ನುತ್ತಾರೆ. ನಮ್ಮ ತಲೆಗೂದಲಿನ ದಪ್ಪ 100 ಮೈಕ್ರಾನ್ ಒಳಗೇ ಇರುತ್ತದೆ. ಅಂದರೆ ಒಂದು ಕೂದಲು ತೂರುವಷ್ಟರಿಂದ ಐದಾರು ಕೂದಲು ಸಾಲಾಗಿ ತೂರುವಷ್ಟು ಅಗಲ. ತೂತು ಹೆಚ್ಚಾದಷ್ಟು ಎಲುಬು ಬೆಳೆಯಲು ಅನುಕೂಲ, ಆದರೆ ಹಂದರದ ಬಲ ಕಡಿಮೆ. ಇದೇ ಈ ಕೆಲಸದ ಮೊದಲ ಜಗ್ಗಾಟ.

ಎರಡನೆಯ ಜಗ್ಗಾಟ ಕರಗುವ ವೇಗ. ಸೀಮೆಸುಣ್ಣದ ಜಾತಿಯ ಕ್ಯಾಲ್ಸಿಯಂ ಸಲ್ಫೇಟ್ ಕೆಲವೇ ವಾರಗಳಲ್ಲಿ ಕರಗಿಬಿಡುತ್ತದೆ. ಎಲುಬು ಅಷ್ಟು ಬೇಗ ಬೆಳೆಯುವುದಿಲ್ಲ. ಹೈಡ್ರಾಕ್ಸಿಅಪಟೈಟ್ ವರ್ಷಗಟ್ಟಲೆ ಕರಗದೆ ಉಳಿಯುತ್ತದೆ. ಪಾಲಿಮರ್‌ಗಳು ಬಾಗುತ್ತವೆ, ಅದರ ಜೊತೆ ಔಷಧ ಹಿಡಿದುಕೊಳ್ಳುತ್ತವೆ, ಆದರೆ ಗಟ್ಟಿಯಿರುವುದಿಲ್ಲ. ಜೆಲಾಟಿನ್, ಸೀಗಡಿ ಚಿಪ್ಪಿನಿಂದ ಮಾಡುವ ಕೈಟೋಸಾನ್ ಇವೆಲ್ಲ ಈ ಗುಂಪಿನವು. ಯಾವ ಒಂದು ವಸ್ತುವಿಗೂ ಎಲ್ಲ ಗುಣ ಇಲ್ಲ. ಆದ್ದರಿಂದ ಎರಡು ಮೂರು ವಸ್ತು ಕೂಡಿಸುತ್ತಾರೆ. ಇಲ್ಲಿಯೇ ನಮ್ಮ ಸರ್ ಹೇಳಿದ ಸಂಸಾರದ ಮಾತು ಬರುತ್ತದೆ. ದೇಹ ಖನಿಜ ಮತ್ತು ನಾರು ಕೂಡಿಸಿ ಎಲುಬು ಕಟ್ಟಿತು, ವಿಜ್ಞಾನಿಗಳು ಅದನ್ನೇ ನೋಡಿ ಕಲಿಯುತ್ತಿದ್ದಾರೆ.

ಮೂರನೆಯ ಜಗ್ಗಾಟ ಔಷಧ ಬಿಡುವ ಲೆಕ್ಕ. ಮೊದಲ ಕೆಲವು ದಿನ ಜೋರಾಗಿ ಬಿಡಬೇಕು, ಆಮೇಲೆ ಕೆಲವು ವಾರ ಸಾಕಷ್ಟು ಪ್ರಮಾಣದಲ್ಲಿ ಬಿಡುತ್ತಿರಬೇಕು, ಆಮೇಲೆ ಪೂರ್ತಿ ನಿಲ್ಲಬೇಕು. ಸ್ವಲ್ಪ ಸ್ವಲ್ಪವೇ ಬಹಳ ದಿನ ಸೋರುತ್ತಿದ್ದರೆ ಬ್ಯಾಕ್ಟೀರಿಯಾ ಸಾಯದೆ ಅದಕ್ಕೆ ಒಗ್ಗಿಕೊಳ್ಳುತ್ತದೆ. ನಾವು ಅಣ್ಣನಿಗೆ ನಾಲ್ಕು ನಾಲ್ಕು ಗುಳಗಿ ಕೊಟ್ಟು ಮಾಡಿದ್ದೂ ಇದನ್ನೇ. ಔಷಧ ಅತಿಯಾದರೂ ಕಷ್ಟ, ಎಲುಬು ಕಟ್ಟುವ ಜೀವಕೋಶಗಳೇ ಸೊರಗುತ್ತವೆ.

ಇದೆಲ್ಲ ಬರೀ ಪುಸ್ತಕದ ಮಾತಲ್ಲ. ಕ್ಯಾಲ್ಸಿಯಂ ಸಲ್ಫೇಟ್ ಮತ್ತು ಹೈಡ್ರಾಕ್ಸಿಅಪಟೈಟ್ ಎರಡನ್ನೂ ಕೂಡಿಸಿ, ಜೆಂಟಮೈಸಿನ್ ಬೆರೆಸಿ, ಸ್ವೀಡನ್ನಿನ ಕಂಪನಿಯೊಂದು ಮಾಡಿದ ಸೆರಾಮೆಂಟ್ ಜಿ ಎಂಬ ವಸ್ತು ಯುರೋಪಿನಲ್ಲಿ ಬಳಕೆಗೆ ಬಂದು, 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿಯನ್ನೂ ಪಡೆಯಿತು. ಬೇಗ ಕರಗುವ ಪಾಲು ಔಷಧ ಬಿಟ್ಟು ಜಾಗ ಮಾಡಿಕೊಡುತ್ತದೆ, ನಿಧಾನದ ಪಾಲು ಹಂದರವಾಗಿ ನಿಲ್ಲುತ್ತದೆ. ನಮ್ಮ ದೇಶದಲ್ಲಿಯೂ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಮತ್ತು ಕೌಶಿಕ್ ಚಟರ್ಜಿ ಅವರ ತಂಡಗಳು ದೇಹದಲ್ಲಿ ಇಡಬಹುದಾದ ವಸ್ತುಗಳ ಮೇಲೆ, ಹಂದರಗಳ ಮೇಲೆ ಸಂಶೋಧನೆ ಮಾಡಿವೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯವರು ದೇಶದ್ದೇ ಹೃದಯ ಕವಾಟ ಮಾಡಿದವರು, ಹೈಡ್ರಾಕ್ಸಿಅಪಟೈಟ್ ಮೇಲೂ ಬಹಳ ವರ್ಷ ದುಡಿದಿದ್ದಾರೆ. ಸಿಟಿ ಸ್ಕ್ಯಾನ್ ನೋಡಿ, ರೋಗಿಯ ಎಲುಬಿನ ಪೊಳ್ಳಿನ ಅಳತೆಗೆ ಸರಿಯಾಗಿ ಹಂದರವನ್ನು ತ್ರೀಡಿ ಪ್ರಿಂಟರಿನಲ್ಲಿ ಪದರ ಪದರವಾಗಿ ಮುದ್ರಿಸುವ ಪ್ರಯತ್ನಗಳೂ ಇವೆ. ಅಲ್ಲಿ ನಮ್ಮಂಥ ಸಾಫ್ಟ್‌ವೇರ್‌ನವರಿಗೂ ಕೆಲಸ ಇದೆ.

ಹಂದರ ಬಂದಿದೆ, ಇನ್ನು ಎಲ್ಲ ಕಾಲೂ ಸರಿಯಾಗುತ್ತದೆ ಎಂದು ಹೇಳಿದರೆ ಅದು ಸುಳ್ಳು. ಸತ್ತ ಎಲುಬನ್ನು ಪೂರ್ತಿ ಕೆತ್ತಿ ತೆಗೆಯದೆ ಯಾವ ಹಂದರ ಇಟ್ಟರೂ ಉಪಯೋಗವಿಲ್ಲ. ಸುತ್ತಲೂ ಗಟ್ಟಿ ಎಲುಬು ಇದ್ದು ನಡುವೆ ಪೊಳ್ಳಿದ್ದರೆ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಎಲುಬಿನ ಒಂದು ತುಂಡೇ ಇಲ್ಲದಿದ್ದಾಗ, ಮೈಭಾರ ಹೊರುವ ಕಾಲಿನಲ್ಲಿ, ಇವು ಒಂಟಿಯಾಗಿ ನಿಲ್ಲಲಾರವು.

ನಮ್ಮ ಅಣ್ಣನದು ಅಂಥ ಕಾಲು. ರಾಡು ತೆಗೆದು, ಸತ್ತ ಎಲುಬು ಕತ್ತರಿಸಿದ ಮೇಲೆ 5 ಸೆಂಟಿಮೀಟರ್ ಖಾಲಿ ಉಳಿಯಿತು. ಮಣಿಸರ ಇಟ್ಟು, ವಾರಗಳ ನಂತರ ತೆಗೆದು, ಕಾಲಿನ ಸುತ್ತ ಉಕ್ಕಿನ ಬಳೆಗಳ ಚೌಕಟ್ಟು ಹಾಕಿದರು. ಇದು ಸೈಬೀರಿಯದ ಕುರ್ಗಾನ್ ಊರಿನಲ್ಲಿ ಇಲಿಜಾರೋವ್ ಎಂಬ ವೈದ್ಯರು 1950ರ ದಶಕದಲ್ಲಿ ಬೆಳೆಸಿದ ಪದ್ಧತಿ. ಒಳ್ಳೆಯ ಎಲುಬನ್ನು ಒಂದು ಕಡೆ ಕತ್ತರಿಸಿ, ದಿನಕ್ಕೆ 1 ಮಿಲಿಮೀಟರಿನಂತೆ ಜಗ್ಗುತ್ತ ಹೋದರೆ ಹಿಂದೆ ಹೊಸ ಎಲುಬು ಬೆಳೆಯುತ್ತ ಬರುತ್ತದೆ. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಕಾಲು ಮಿಲಿಮೀಟರ್. ಆ ನಟ್ಟು ತಿರುಗಿಸಿದವರು ನಮ್ಮ ವೈನಿ. ಬೆಳಗ್ಗೆ ರೊಟ್ಟಿ ಬಡಿಯುವ ಮೊದಲು ಒಮ್ಮೆ, ಮಧ್ಯಾಹ್ನ ಒಮ್ಮೆ, ದೀಪ ಹಚ್ಚುವಾಗ ಒಮ್ಮೆ, ಮಲಗುವಾಗ ಒಮ್ಮೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಸಲ ಒಂದು ಗೆರೆ. ಶಾಲೆಗೆ ನಾಲ್ಕನೆಯ ತರಗತಿಯವರೆಗೆ ಮಾತ್ರ ಹೋದ ನಮ್ಮ ವೈನಿ ಐವತ್ತು ದಿನದಲ್ಲಿ ಇನ್ನೂರು ಗೆರೆ ಎಳೆದರು, ಒಂದೂ ತಪ್ಪಲಿಲ್ಲ. ನಾನು ಒಂದು ಫೋನಿನಲ್ಲಿ ಕೆಡಿಸಿದ್ದನ್ನು ಅವರು ಇನ್ನೂರು ಸಲ ನಟ್ಟು ತಿರುಗಿಸಿ ಸರಿ ಮಾಡಿದರು. ಹೊಸ ಎಲುಬು ಗಟ್ಟಿಯಾಗಲು ಇನ್ನೂ ಎಂಟು ತಿಂಗಳು ಚೌಕಟ್ಟು ಹಾಗೇ ಇತ್ತು. ಒಂದು ಎಕರೆ ಹೊಲ ಮತ್ತು ಒಂದು ಜೋಡಿ ದೇವಣಿ ಎತ್ತು ಮಾರಿದೆವು. ಈಗ ಅಣ್ಣ ನಡೆಯುತ್ತಾನೆ. ಸ್ವಲ್ಪ ಕುಂಟುತ್ತಾನೆ. ತೊಗರಿ ಹೊಲಕ್ಕೆ ತಾನೇ ಹೋಗಿ ಬರುತ್ತಾನೆ.

ಹಾಗಾಗಿ ಊರಿನವರಲ್ಲಿ ನನ್ನ ಎರಡು ಬೇಡಿಕೆ.

ಒಂದು. ಎಲುಬು ಮುರಿದು ಚರ್ಮ ಹರಿದಿದ್ದರೆ ಅರಿಶಿನ, ಸೆಗಣಿ, ಕಾಫಿಪುಡಿ, ಸೊಪ್ಪಿನ ರಸ ಏನೂ ಮೆತ್ತಬೇಡಿ. ಹೊರಬಂದ ಎಲುಬನ್ನು ಒಳಗೆ ತಳ್ಳಬೇಡಿ. ಸ್ವಚ್ಛ ಬಟ್ಟೆ ಮುಚ್ಚಿ, ಕಾಲು ಅಲುಗದಂತೆ ಕೋಲು ಕಟ್ಟಿ, 108ಕ್ಕೆ ಫೋನ್ ಮಾಡಿ. ಔರಾದಿನಿಂದ ಬೀದರಿಗೆ ಸುಮಾರು 40 ಕಿಲೋಮೀಟರ್. ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ ಗಾಯ ತೊಳೆದು ಔಷಧ ಶುರುವಾದರೆ ಕೀವಿನ ಅಪಾಯ ಬಹಳ ಕಡಿಮೆಯಾಗುತ್ತದೆ.

ಎರಡು. ಆ್ಯಂಟಿಬಯೋಟಿಕ್ ಗುಳಗಿಯ ಪಟ್ಟಿಯ ಮೇಲೆ ನಿಂತ ಕೆಂಪು ಗೆರೆ ಇರುತ್ತದೆ. ಡಾಕ್ಟರರ ಚಿಟ್ಟಿ ಇಲ್ಲದೆ ಇದನ್ನು ತಿನ್ನಬೇಡಿ ಎಂಬುದು ಅದರ ಅರ್ಥ. ನೆಗಡಿಗೆ ಅದನ್ನು ಕೇಳಬೇಡಿ. ಕೊಟ್ಟರೆ ಅವರು ಹೇಳಿದಷ್ಟು ದಿನ ತಿನ್ನಿ. ಹೊಟ್ಟೆ ಉರಿದರೆ ಅವರಿಗೇ ಹೇಳಿ, ಬದಲಿ ಕೊಡುತ್ತಾರೆ. ಬೆಂಗಳೂರಿನ ಇಂಜಿನಿಯರ್ ತಮ್ಮನಿಗೆ ಫೋನ್ ಮಾಡಿ ಕೇಳಬೇಡಿ. ಕಡಿಮೆ ಪ್ರಮಾಣದಲ್ಲಿ ಬಳಸಿದರೆ ಬ್ಯಾಕ್ಟೀರಿಯಾ ಔಷಧಕ್ಕೆ ಒಗ್ಗಿಬಿಡುತ್ತದೆ ಎಂದು ಫ್ಲೆಮಿಂಗ್ 1945ರಲ್ಲಿಯೇ, ನೊಬೆಲ್ ಭಾಷಣದಲ್ಲಿ ಎಚ್ಚರಿಸಿದ್ದರು. ಹಂದರದೊಳಗೆ ಇಡುವುದೂ ಇದೇ ಔಷಧಗಳನ್ನು. ಔಷಧವೇ ಸೋತರೆ ಎಂಥ ಹಂದರ ಇದ್ದರೂ ಏನು ಪ್ರಯೋಜನ?

ವಿದ್ಯಾರ್ಥಿಗಳಿಗೆ ಒಂದೇ ಮಾತು. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಎಂದು ಕೇಳಿದ್ದೀರಿ. ಅಷ್ಟು ಕಷ್ಟಪಟ್ಟು ಉಳಿಸಿದ ಭಾಷೆಯಲ್ಲಿ ನೀವು ಇವತ್ತು ವಿಜ್ಞಾನ ಓದುತ್ತಿದ್ದೀರಿ. ಕನ್ನಡ ಮಾಧ್ಯಮ, ಸರ್ಕಾರಿ ಶಾಲೆ, ಔರಾದ ತಾಲೂಕು ಎಂದು ತಲೆ ತಗ್ಗಿಸಬೇಡಿ. ಹಂದರದ ಮೇಲಿನ ಪ್ರಬಂಧಗಳನ್ನು ಇಂಗ್ಲಿಷಿನಲ್ಲಿ ಓದುವಾಗ ನನಗೆ ದಾರಿ ತೋರಿಸಿದ್ದು ಇದೇ ಶಾಲೆಯ ಆಡಿನ ಎಲುಬು. ಈ ಕೆಲಸಕ್ಕೆ ರಸಾಯನಶಾಸ್ತ್ರ ಓದಿದವರು ಬೇಕು, ಜೀವಶಾಸ್ತ್ರ ಓದಿದವರು ಬೇಕು, ಗಣಿತದವರೂ ಡಾಕ್ಟರರೂ ಬೇಕು. ನಿಮ್ಮಲ್ಲಿ ಒಬ್ಬರಾದರೂ ಆ ದಾರಿ ಹಿಡಿಯಿರಿ.

ಶಾಲೆಯ ಪ್ರಯೋಗಾಲಯಕ್ಕೆ ನಮ್ಮ ಬ್ಯಾಚಿನವರು ಎರಡು ಸೂಕ್ಷ್ಮದರ್ಶಕ ಕೊಡುತ್ತಿದ್ದೇವೆ. ಅದರ ಜೊತೆ ಅಣ್ಣನೂ ಒಂದು ವಸ್ತು ಕೊಟ್ಟಿದ್ದಾನೆ. ಕಾಲಿನಿಂದ ಬಿಚ್ಚಿದ ಉಕ್ಕಿನ ಬಳೆಗಳಲ್ಲಿ ಒಂದನ್ನು ದವಾಖಾನೆಯಿಂದ ಕೇಳಿ ತಂದು ಇಟ್ಟುಕೊಂಡಿದ್ದ. "ಹುಡುಗ್ರಿಗಿ ತೋರ್ಸ್ರಿ, ಗುಳಗಿ ಬಿಟ್ರ ಏನಾಗ್ತದ ಅಂತ ತಿಳೀಲಿ" ಎಂದು ಕೊಟ್ಟಿದ್ದಾನೆ. ನಟ್ಟೂ ಅದರಲ್ಲೇ ಇದೆ.